ಮೆಲ್ಲಗೆ ತಿರುಗುವ ಚಕ್ರ

(ಯಲ್ಲದಕೆರೆಯ ಕಲಿಕಾ ಕೇಂದ್ರದಲ್ಲಿ ಒಂದು ಸಂಜೆ ಆಡಿದ ಮಾತು)



ಹೋದ ವಾರ ನಾವು ಭಾಗಾಕಾರ ಕಲಿತೆವು. ಪಾಠ ಮುಗಿಸಿ ಏಳುವಾಗ ಹಿಂದೆ ಕೂತಿದ್ದ ಅಜ್ಜ ಒಬ್ಬರು ಒಂದು ಮಾತು ಕೇಳಿದರು. "ಮೇಷ್ಟ್ರೇ, ಕೂಡೋದು, ಕಳೆಯೋದು ಸಂತೇಲಿ ಬೇಕಾಗ್ತೈತೆ. ಈ ಭಾಗಾಕಾರ ಕಟ್ಕೊಂಡು ನನಗೇನಾಗಬೇಕು?" ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಉತ್ತರ ತೋಚಲಿಲ್ಲ. ಮನೆ ಕಡೆ ಸೈಕಲ್ ತುಳೀತಾ ಹೋಗುವಾಗ ತೋಚಿತು. ಉತ್ತರ ನನ್ನ ಕಾಲ ಕೆಳಗೇ ಇತ್ತು.

ಅದಕ್ಕೆ ಇವತ್ತು ಚಕ್ರಗಳ ವಿಷಯ ಮಾತಾಡೋಣ. ಒಂದು ಚಕ್ರ ಇನ್ನೊಂದು ಚಕ್ರವನ್ನು ತಿರುಗಿಸುವಾಗ ಏನಾಗುತ್ತದೆ ಅಂತ ನೋಡೋಣ. ಇದು ಎಂಜಿನಿಯರುಗಳ ವಿಷಯ ಅಂದುಕೊಳ್ಳಬೇಡಿ. ನಿಮ್ಮಲ್ಲಿ ಕೆಲವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು.

ಉಣ್ಣೆ ನೂಲುವ ರಾಟೆ ನೋಡಿದವರು ಯಾರಿದೀರಿ? ಕೈ ಎತ್ತಿ. ಅಜ್ಜಿಯರೆಲ್ಲ ಎತ್ತಿದರು. ನಮ್ಮ ಚಿತ್ರದುರ್ಗ ಜಿಲ್ಲೆ ಕಂಬಳಿಗೆ ಹೆಸರಾದ ಜಿಲ್ಲೆ. ಚಳ್ಳಕೆರೆ ಕಂಬಳಿ ಅಂದರೆ ದೂರದ ಊರಿನವರಿಗೂ ಗೊತ್ತು. ಆ ಕಂಬಳಿಯ ನೂಲು ರಾಟೆಯಲ್ಲಿ ಹುಟ್ಟುತ್ತದೆ. ರಾಟೆಯಲ್ಲಿ ಒಂದು ದೊಡ್ಡ ಚಕ್ರ. ಎದುರಿಗೆ ಬೆರಳಿನಷ್ಟು ಸಣ್ಣ ಕದಿರು. ನಡುವೆ ಒಂದು ದಾರ. ಅಜ್ಜಿ ದೊಡ್ಡ ಚಕ್ರವನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸುತ್ತಾಳೆ. ಕದಿರು ಮಾತ್ರ ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗುತ್ತದೆ.

ಯಾಕೆ? ದಾರ ಎರಡರ ಮೇಲೂ ಹಾದು ಹೋಗುತ್ತದೆ. ದೊಡ್ಡ ಚಕ್ರ ಒಂದು ಸುತ್ತು ಬಂದಾಗ ಅದರ ಸುತ್ತಳತೆಯಷ್ಟು ದಾರ ಓಡಬೇಕು. ಅಷ್ಟೇ ದಾರ ಕದಿರಿನ ಮೇಲೂ ಓಡಬೇಕು. ಕದಿರು ಸಣ್ಣದು. ಅದು ಎಷ್ಟೋ ಸುತ್ತು ಬಂದರೆ ಮಾತ್ರ ಅಷ್ಟು ದಾರ ದಾಟುತ್ತದೆ. ಚಕ್ರದ ಅಗಲ 20 ಇಂಚು, ದಾರ ಕೂರುವ ಜಾಗದಲ್ಲಿ ಕದಿರಿನ ದಪ್ಪ ಅರ್ಧ ಇಂಚು ಇದೆ ಅಂತ ಇಟ್ಟುಕೊಳ್ಳಿ. 20 ಇಂಚಿನಲ್ಲಿ ಅರ್ಧ ಇಂಚು ಎಷ್ಟು ಸಲ ಇದೆ? 40 ಸಲ. ಅಜ್ಜಿಯ ಕೈ ಒಂದು ಸುತ್ತು ಬಂದರೆ ಕದಿರು 40 ಸುತ್ತು. ನೋಡಿ, ಭಾಗಾಕಾರ ಬಂದೇ ಬಿಟ್ಟಿತು.

ದಾರಕ್ಕೆ ಒಂದು ಕೆಟ್ಟ ಗುಣ ಇದೆ. ಭಾರ ಬಿದ್ದರೆ ಜಾರುತ್ತದೆ. ನೂಲಿಗೆ ಸರಿ. ಭಾರದ ಕೆಲಸಕ್ಕೆ ಆಗುವುದಿಲ್ಲ. ಜಾರದೆ ಇರಲಿ ಅಂತ ಚಕ್ರದ ಅಂಚಿಗೆ ಹಲ್ಲು ಕೊಟ್ಟರು. ಒಂದರ ಹಲ್ಲು ಇನ್ನೊಂದರ ಹಲ್ಲಿನ ಸಂದಿಯಲ್ಲಿ ಕೂರುತ್ತದೆ. ಇದನ್ನೇ ಗೇರು ಅನ್ನುವುದು. ಹಲ್ಲುಚಕ್ರ ಅಂತಲೂ ಕರೆಯಬಹುದು.

ಈಗ ಸೈಕಲ್ಲಿಗೆ ಬರೋಣ. ಸೈಕಲ್ಲಿನಲ್ಲಿ ಹಲ್ಲು ಹಲ್ಲಿಗೆ ತಾಗುವುದಿಲ್ಲ. ನಡುವೆ ಚೈನ್ ಇದೆ. ಆದರೂ ಲೆಕ್ಕ ಅದೇ. ನಾನು ಆ ರಾತ್ರಿ ಮನೆಗೆ ಹೋಗಿ ಟಾರ್ಚ್ ಹಿಡಿದು ಹಲ್ಲು ಎಣಿಸಿದೆ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಇದೇನು ಹುಚ್ಚು ಅಂತ ನೋಡುತ್ತಿದ್ದಳು. ಪೆಡಲ್ ಹತ್ತಿರದ ದೊಡ್ಡ ಚಕ್ರಕ್ಕೆ 44 ಹಲ್ಲು. ಹಿಂದಿನ ಗಾಲಿಯ ಸಣ್ಣ ಚಕ್ರಕ್ಕೆ 18 ಹಲ್ಲು. 44ನ್ನು 18ರಿಂದ ಭಾಗಿಸಿ. ಎರಡು ಸಲ ಹೋಗುತ್ತದೆ, 8 ಉಳಿಯುತ್ತದೆ. ಅಂದರೆ ಪೆಡಲ್ ಒಂದು ಸುತ್ತು ತುಳಿದರೆ ಹಿಂದಿನ ಗಾಲಿ ಎರಡೂವರೆ ಸುತ್ತಿಗೆ ಕೊಂಚ ಕಡಿಮೆ ತಿರುಗುತ್ತದೆ. ಗಾಲಿಯ ಸುತ್ತ ದಾರ ಹಿಡಿದು ಅಳೆದೆ. 7 ಅಡಿ ಮೇಲೆ ಮೂರು ನಾಲ್ಕು ಇಂಚು ಬಂತು. ಹಾಗಾದರೆ ಒಂದು ತುಳಿತಕ್ಕೆ ಸೈಕಲ್ ಸುಮಾರು 18 ಅಡಿ ಮುಂದೆ ಹೋಗುತ್ತದೆ.

ಮೊದಲು ಸೈಕಲ್ಲಿಗೆ ಚೈನ್ ಇರಲಿಲ್ಲ. 1870ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಓಡುತ್ತಿದ್ದ ಸೈಕಲ್ಲುಗಳಲ್ಲಿ ಪೆಡಲ್ ಮುಂದಿನ ಗಾಲಿಗೇ ಇತ್ತು. ಒಂದು ತುಳಿತಕ್ಕೆ ಗಾಲಿ ಒಂದೇ ಸುತ್ತು. ಜೋರಾಗಿ ಹೋಗಬೇಕಾದರೆ ಗಾಲಿಯನ್ನೇ ದೊಡ್ಡದು ಮಾಡಬೇಕು. ಮಾಡಿದರು. ಮುಂದಿನ ಗಾಲಿ ಆಳೆತ್ತರ ಆಯಿತು, 5 ಅಡಿ! ಮೇಲೆ ಕೂತವನು ಬಿದ್ದರೆ ತಲೆಕೆಳಗಾಗಿ ಬೀಳುತ್ತಿದ್ದ. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎನ್ನುವವರು ಎರಡೂ ಗಾಲಿ ಹೆಚ್ಚುಕಡಿಮೆ ಸಮ ಇರುವ, ಹಿಂದಿನ ಗಾಲಿಗೆ ಚೈನ್ ಇರುವ ಸೈಕಲ್ ಮಾಡಿದರು. ನಾವು ಇವತ್ತು ತುಳಿಯುವುದು ಅದೇ ಬಗೆಯದು. ಆಳೆತ್ತರದ ಗಾಲಿ ಮಾಡಬೇಕಿದ್ದ ಕೆಲಸವನ್ನು ಅಂಗೈಯಗಲದ ಎರಡು ಹಲ್ಲುಚಕ್ರ ಮಾಡಿದವು. ಆ ಹಳೇ ಸೈಕಲ್ಲೇ ಉಳಿದಿದ್ದರೆ ಸೀರೆ ಉಟ್ಟ ಅಕ್ಕಂದಿರು ಹತ್ತುವ ಮಾತೇ ಇರಲಿಲ್ಲ. ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ 1990ರ ದಶಕದ ಶುರುವಿನಲ್ಲಿ ಸಾಕ್ಷರತಾ ಆಂದೋಲನ ನಡೆದಾಗ ಸಾವಿರಾರು ಹೆಂಗಸರು ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿತರು. ಇಲ್ಲಿಯೂ ಕಲಿಯಬೇಕು ಅನ್ನುವವರು ಆಮೇಲೆ ನನ್ನ ಹತ್ತಿರ ಹೇಳಿ.

ಈಗ ಒಂದು ಪ್ರಶ್ನೆ. 18 ಅಡಿ ಬದಲು 36 ಅಡಿ ಹೋಗುವಂತೆ ಮಾಡಬಹುದಲ್ಲ? ಹಿಂದಿನ ಚಕ್ರಕ್ಕೆ 9 ಹಲ್ಲು ಮಾತ್ರ ಇಟ್ಟರೆ ಆಯಿತು. ಮಾಡಬಹುದು. ಆದರೆ ತುಳಿದು ನೋಡಿ. ಏರು ಬಂದ ಕೂಡಲೇ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ವೇಗ ಎರಡರಷ್ಟು ಸಿಕ್ಕಿತು. ಗಾಲಿಯನ್ನು ನೂಕುವ ಬಲ ಅರ್ಧ ಆಯಿತು. ತಿರುಗಿಸಿ ಹೇಳಿದರೆ, ವೇಗವನ್ನು ಅರ್ಧ ಬಿಟ್ಟುಕೊಟ್ಟರೆ ಬಲ ಎರಡರಷ್ಟು ಸಿಗುತ್ತದೆ. ಗೇರು ಹಾಕಿದ ಸೈಕಲ್ಲುಗಳನ್ನು ನೀವು ನೋಡಿದೀರಿ. ಅವುಗಳ ಹಿಂದೆ ಚಿಕ್ಕದು ದೊಡ್ಡದು ಅಂತ ಐದಾರು ಹಲ್ಲುಚಕ್ರ ಇರುತ್ತವೆ. ಏರಿನಲ್ಲಿ ಚೈನನ್ನು ದೊಡ್ಡದಕ್ಕೆ ಹಾಕುತ್ತಾರೆ. ಇಳಿಜಾರಿನಲ್ಲಿ ಚಿಕ್ಕದಕ್ಕೆ.

ಬಲ ಎಲ್ಲಿಂದ ಬಂತು? ಹಾರೆ ಹಾಕಿ ಬಂಡೆ ಮೀಟಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಹಾರೆ ಉದ್ದ ಇದ್ದಷ್ಟೂ ಬಂಡೆ ಸುಲಭವಾಗಿ ಅಲುಗಾಡುತ್ತದೆ. ಆದರೆ ನಿಮ್ಮ ಕೈ ಮಾರುದ್ದ ಇಳಿದರೆ ಬಂಡೆ ಒಂದು ಗೇಣು ಏಳುತ್ತದೆ, ಅಷ್ಟೇ. ದೊಡ್ಡ ಹಲ್ಲುಚಕ್ರ ಅಂದರೆ ಉದ್ದ ಹಾರೆ. ಅದರ ಹಲ್ಲು ಅಚ್ಚಿನಿಂದ ದೂರ ಇದೆ. ಸಣ್ಣ ಚಕ್ರದ ಹಲ್ಲು ಅದನ್ನು ದೂರದಿಂದ ಮೀಟುತ್ತದೆ. ಒಂದು ಹಲ್ಲು ಜಾರಿಕೊಂಡರೆ ಇನ್ನೊಂದು ಹಲ್ಲು ಬಂದು ಮೀಟುತ್ತದೆ. ದಣಿಯದ ಹಾರೆ ಅದು.

ಇಲ್ಲಿ ನೋಡಿ. ಗಾಜಿನ ಸೋಡಾ ಬಾಟ್ಲಿಯ ತಗಡಿನ ಬಿರಡೆ ಎರಡು ತಂದಿದೀನಿ. ಅಂಚು ನಿರಿಗೆ ನಿರಿಗೆಯಾಗಿದೆ. ಎಣಿಸಿದರೆ 21 ನಿರಿಗೆ. ಹಲಗೆಯ ಮೇಲೆ ಅಕ್ಕಪಕ್ಕ ಇಟ್ಟು, ನಿರಿಗೆಗೆ ನಿರಿಗೆ ಸೇರಿಸಿ, ನಡುವೆ ಮೊಳೆ ಹೊಡೆದಿದೀನಿ. ಎಡಗಡೆಯದನ್ನು ಗಡಿಯಾರದ ಮುಳ್ಳಿನ ಹಾಗೆ ತಿರುಗಿಸಿ. ಬಲಗಡೆಯದು ಎದುರು ದಿಕ್ಕಿಗೆ ತಿರುಗಿತು. ಹಲ್ಲು ಸಮ, ಅದಕ್ಕೆ ವೇಗವೂ ಸಮ. ದಿಕ್ಕು ಮಾತ್ರ ಬದಲು. ಮೂರನೇ ಬಿರಡೆ ಪಕ್ಕಕ್ಕೆ ಹೊಡೆದರೆ ಅದು ಮತ್ತೆ ಮೊದಲಿನ ದಿಕ್ಕಿಗೆ ತಿರುಗುತ್ತದೆ. ಟ್ರ್ಯಾಕ್ಟರಿನ ರಿವರ್ಸ್ ಗೇರು ಹೀಗೇ. ನಡುವೆ ಇನ್ನೊಂದು ಚಕ್ರ ಬಂದು ಸೇರಿಕೊಳ್ಳುತ್ತದೆ, ಗಾಡಿ ಹಿಂದಕ್ಕೆ ಹೋಗುತ್ತದೆ.

ಈಗ ಎರಡು ಬಿರಡೆ ಸೇರುವ ಕಡೆ ಮೇಲಿನಿಂದ ಒಂದು ನೂಲಿನ ತುದಿ ಹಿಡಿಯಿರಿ. ನೋಡಿದಿರಾ? ಎಳೆದುಕೊಂಡಿತು. ಕೆಳಗಿನಿಂದ ಹಿಡಿದರೆ ತಳ್ಳುತ್ತದೆ. ಜೊತೆಯಾಗಿ ತಿರುಗುವ ಎರಡು ಚಕ್ರಕ್ಕೆ ಯಾವಾಗಲೂ ಒಂದು ಕಡೆ ನುಂಗುವ ಬಾಯಿ ಇರುತ್ತದೆ. ಇದನ್ನು ನೆನಪಿನಲ್ಲಿಡಿ. ಆಮೇಲೆ ಬೇಕಾಗುತ್ತದೆ.

ರಾಟೆಯ ಹಾಗೆ ನಿಧಾನದ ತಿರುಗನ್ನು ಜೋರು ಮಾಡುವ ಬಹಳ ದೊಡ್ಡ ಯಂತ್ರ ನಮ್ಮ ಜಿಲ್ಲೆಯಲ್ಲೇ ಇದೆ. ಚಿತ್ರದುರ್ಗಕ್ಕೆ ಹೋದವರೆಲ್ಲ ನೋಡಿದೀರಿ. ಜೋಗಿಮಟ್ಟಿ ಕಡೆಯ ಗುಡ್ಡಗಳ ಮೇಲೆ ನಿಂತಿರುವ ಗಾಳಿಯಂತ್ರಗಳು. ಬಸ್ಸಿನಿಂದ ನೋಡಿದರೆ ಅದರ ರೆಕ್ಕೆ ಸೋಮಾರಿಯ ಹಾಗೆ ತಿರುಗುತ್ತಿರುತ್ತದೆ. ಒಂದೊಂದು ರೆಕ್ಕೆಯೂ 40 ಮೀಟರ್, ಅಂದರೆ 130 ಅಡಿ ಉದ್ದ ಇರುವ ಯಂತ್ರ ತೆಗೆದುಕೊಳ್ಳೋಣ. ನಿಮಿಷಕ್ಕೆ ಸುಮಾರು 15 ಸುತ್ತು ಅಷ್ಟೇ. ಆದರೆ ರೆಕ್ಕೆಯ ತುದಿ ಗಂಟೆಗೆ 200 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ. ಇದಕ್ಕಿಂತ ಬಹಳ ಜೋರಾಗಿ ಅಷ್ಟು ಉದ್ದದ ರೆಕ್ಕೆಯನ್ನು ತಿರುಗಿಸಲು ಆಗುವುದಿಲ್ಲ.

ಆದರೆ ಕರೆಂಟು ಹುಟ್ಟಿಸುವ ಜನರೇಟರಿಗೆ 15 ಸುತ್ತು ಏನೂ ಸಾಲದು. ಇಂಥ ಜನರೇಟರು ಸಾಮಾನ್ಯವಾಗಿ ನಿಮಿಷಕ್ಕೆ 1500 ಸುತ್ತಿನ ಆಸುಪಾಸು ತಿರುಗಬೇಕು. ಹಾಗಾದರೆ ಎಷ್ಟು ಪಟ್ಟು? 1500ನ್ನು 15ರಿಂದ ಭಾಗಿಸಿ. 100 ಪಟ್ಟು. ಒಂದೇ ಜೋಡಿ ಚಕ್ರದಲ್ಲಿ 100 ಪಟ್ಟು ಮಾಡಲು ಹೊರಟರೆ ಸಣ್ಣ ಚಕ್ರಕ್ಕೆ 20 ಹಲ್ಲು, ದೊಡ್ಡದಕ್ಕೆ 2000 ಹಲ್ಲು ಬೇಕು. ಅಂಥ ಚಕ್ರವನ್ನು ಕಂಬದ ತುದಿಯಲ್ಲಿ ಎಲ್ಲಿ ಇಡುತ್ತೀರಿ? ಅದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ. ಮೊದಲ ಜೋಡಿಯಲ್ಲಿ 5 ಪಟ್ಟು. ಎರಡನೆಯದರಲ್ಲಿ 5 ಪಟ್ಟು. ಮೂರನೆಯದರಲ್ಲಿ 4 ಪಟ್ಟು. ಐದೈದಲ ಇಪ್ಪತ್ತೈದು, ಇಪ್ಪತ್ತೈದು ನಾಲ್ಕಲ ನೂರು. ಗೇರುಗಳನ್ನೆಲ್ಲ ಎಣ್ಣೆ ತುಂಬಿದ ಒಂದು ಪೆಟ್ಟಿಗೆಯಲ್ಲಿ ಮುಚ್ಚಿ, ರೆಕ್ಕೆಯ ಹಿಂದೆ ಇಟ್ಟಿರುತ್ತಾರೆ. ಗೇರೇ ಇಲ್ಲದ ಗಾಳಿಯಂತ್ರಗಳೂ ಇವೆ. ಅವುಗಳಲ್ಲಿ ಜನರೇಟರನ್ನೇ ಬಹಳ ಅಗಲವಾಗಿ ಮಾಡಿ ನಿಧಾನದ ತಿರುಗಿನಲ್ಲೇ ಕರೆಂಟು ತೆಗೆಯುತ್ತಾರೆ.

ಟ್ರ್ಯಾಕ್ಟರ್ ಇದರ ಉಲ್ಟಾ. ಎಂಜಿನ್ನು ನಿಮಿಷಕ್ಕೆ 2000 ಸುತ್ತು ತಿರುಗುತ್ತಿರುತ್ತದೆ. ಉಳುವಾಗ ಹಿಂದಿನ ದೊಡ್ಡ ಗಾಲಿ ಸುಮಾರು 16 ಸುತ್ತು ತಿರುಗಿದರೆ ಹೆಚ್ಚು. ಗುಡ್ಡದ ಮೇಲೆ ವೇಗ 100 ಪಟ್ಟು ಏರಿದರೆ, ಹೊಲದಲ್ಲಿ 100 ಪಟ್ಟಿಗಿಂತ ಹೆಚ್ಚು ಇಳಿಯುತ್ತದೆ. ಹಾಗೆ ಇಳಿದದ್ದಕ್ಕೇ ನೇಗಿಲು ಎಳೆಯುವ ಬಲ ಬರುವುದು.

ಟ್ರ್ಯಾಕ್ಟರ್ ಓಡಿಸುವ ತಮ್ಮಂದಿರು ಇದ್ದೀರಿ. ಒಂದು ಮಾತು. ಟ್ರೇಲರ್ ತುಂಬ ಜನ ಕೂರಿಸಿಕೊಂಡು ಇಳಿಜಾರಿನಲ್ಲಿ ಡೀಸೆಲ್ ಉಳಿಯಲಿ ಅಂತ ನ್ಯೂಟ್ರಲ್ ಮಾಡುವ ಅಭ್ಯಾಸ ಕೆಲವರಿಗೆ ಇದೆ. ಗೇರು ಕಚ್ಚಿಕೊಂಡಿದ್ದರೆ ಗಾಲಿ ಎಂಜಿನ್ನನ್ನೂ ಜೋರಾಗಿ ತಿರುಗಿಸಿಕೊಂಡು ಇಳಿಯಬೇಕು. ಎಂಜಿನ್ನು ಹಿಡಿದು ಎಳೆಯುತ್ತದೆ. ನ್ಯೂಟ್ರಲ್ ಮಾಡಿದರೆ ಆ ಹಿಡಿತ ಹೋಯಿತು. ಉಳಿಯುವುದು ಬ್ರೇಕ್ ಒಂದೇ. ಭಾರ ಹೊತ್ತ ಟ್ರೇಲರ್ ಹಿಂದಿನಿಂದ ನೂಕುವಾಗ ಅದೊಂದನ್ನೇ ನಂಬಬೇಡಿ.

ನಡುವೆ ಒಬ್ಬ ಅಣ್ಣ ಕೈ ಎತ್ತಿದರು. "ಮೇಷ್ಟ್ರೇ, ಗೇರಿನಿಂದ ಬಲ ಹೆಚ್ಚಾಗ್ತೈತೆ ಅಂದ್ರಿ. ಹಂಗಾದ್ರೆ ಒಂದು ಎಚ್.ಪಿ. ಮೋಟರಿಗೆ ಗೇರು ಕಟ್ಟಿ ಐದು ಎಚ್.ಪಿ. ಪಂಪು ಓಡಿಸಬೋದಲ್ಲ?" ಒಳ್ಳೆಯ ಪ್ರಶ್ನೆ. ನೀರಿಗೆ ಪರದಾಡುವ ಸೀಮೆಯವರಿಗೆ ಇದು ಬರಲೇಬೇಕಾದ ಪ್ರಶ್ನೆ. ಕಟ್ಟಬಹುದು ಅಣ್ಣ. ಪಂಪಿನ ಅಚ್ಚು ತಿರುಗುತ್ತದೆ. ಆದರೆ ಐದರಲ್ಲಿ ಒಂದು ಪಾಲು ವೇಗದಲ್ಲಿ ತಿರುಗುತ್ತದೆ. ಪಂಪು ನೀರನ್ನು ಎತ್ತುವುದು ಜೋರಾಗಿ ಬೀಸಿ. ಅಷ್ಟು ನಿಧಾನ ತಿರುಗಿದರೆ ನೀರು ಮೇಲಕ್ಕೇ ಬರುವುದಿಲ್ಲ. ಗೇರು ಬಲವನ್ನು ಹುಟ್ಟಿಸುವುದಿಲ್ಲ. ವೇಗವನ್ನು ಕೊಟ್ಟು ಬಲ ತೆಗೆದುಕೊಳ್ಳುತ್ತದೆ, ಇಲ್ಲ ಬಲ ಕೊಟ್ಟು ವೇಗ ತೆಗೆದುಕೊಳ್ಳುತ್ತದೆ. ಸಂತೆಯಲ್ಲಿ ರಾಗಿ ಕೊಟ್ಟು ಉಪ್ಪು ತಂದ ಹಾಗೆ. ಇದರ ಮೇಲೆ ಹಲ್ಲು ಹಲ್ಲಿಗೆ ತಿಕ್ಕಿ ಸ್ವಲ್ಪ ನಷ್ಟ ಬೇರೆ. ಮೋಟರ್ ಚಕ್ರ ತಿರುಗಿಸುತ್ತದೆ, ಚಕ್ರ ಕರೆಂಟು ಹುಟ್ಟಿಸುತ್ತದೆ, ಆ ಕರೆಂಟಿನಲ್ಲಿ ಅದೇ ಮೋಟರ್ ಓಡುತ್ತದೆ, ಬಿಲ್ಲೇ ಇಲ್ಲ ಅಂತ ಫೋನಿನಲ್ಲಿ ವಿಡಿಯೋ ಬರುತ್ತವೆ. ಅದು ಸುಳ್ಳು. ಅದನ್ನು ಮಾರಲು ಬಂದವರಿಗೆ ಮುಂಗಡ ಕೊಡಬೇಡಿ.

ಇನ್ನು ನಾನು ಇವತ್ತು ಈ ವಿಷಯ ಎತ್ತಿಕೊಂಡಿದ್ದಕ್ಕೆ ನಿಜವಾದ ಕಾರಣ ಹೇಳುತ್ತೇನೆ.

ನಾನು ಐದನೇ ಕ್ಲಾಸಿನಲ್ಲಿದ್ದೆ. ಮಾರಿಕಣಿವೆ ಅಣೆಕಟ್ಟಿನ ನಾಲೆ ನೀರಿನಲ್ಲಿ ಹಿರಿಯೂರು ಕಡೆ ಕಬ್ಬು ಬೆಳೆಯುತ್ತಿದ್ದರು. ನನ್ನ ಸೋದರಮಾವ ಒಂದು ಆಲೆಮನೆಯಲ್ಲಿ ಕೂಲಿಗೆ ಹೋಗುತ್ತಿದ್ದರು. ಎತ್ತಿನ ಗಾಣ ಅಲ್ಲ, ಡೀಸೆಲ್ ಎಂಜಿನ್ನಿನ ಗಾಣ. ಅದರ ಲೆಕ್ಕವನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. ಎಂಜಿನ್ನು ನಿಮಿಷಕ್ಕೆ 1500 ಸುತ್ತು ಇರಲಿ. ಬೆಲ್ಟಿನ ಸಣ್ಣ ಚಕ್ರ 6 ಇಂಚು, ದೊಡ್ಡದು 36 ಇಂಚು. ವೇಗ ಆರರಲ್ಲಿ ಒಂದು ಪಾಲಾಯಿತು, 250 ಸುತ್ತು. ಅಲ್ಲಿಂದ 15 ಹಲ್ಲಿನ ಚಕ್ರ 75 ಹಲ್ಲಿನ ಚಕ್ರವನ್ನು ತಿರುಗಿಸುತ್ತದೆ. ಐದರಲ್ಲಿ ಒಂದು ಪಾಲು, 50 ಸುತ್ತು. ಅಂಥದ್ದೇ ಇನ್ನೊಂದು ಜೋಡಿ, 10 ಸುತ್ತು. ಕಬ್ಬು ಅರೆಯುವ ಉರುಳೆ ತಿರುಗುವುದು ಅಷ್ಟೇ. ಆರು ಸೆಕೆಂಡಿಗೆ ಒಂದು ಸುತ್ತು.

ಎಂಜಿನ್ನಿನ ಹತ್ತಿರ ಹೋಗಲು ಎಲ್ಲರಿಗೂ ಹೆದರಿಕೆ. ಅದು ಗಡಗಡ ಸದ್ದು ಮಾಡುತ್ತದೆ. ಬೆಲ್ಟು ಪಟಪಟ ಹೊಡೆಯುತ್ತದೆ. ಮಕ್ಕಳನ್ನು ಆ ಕಡೆ ಬಿಡುತ್ತಿರಲಿಲ್ಲ. ಉರುಳೆಯ ಪಕ್ಕದ ದೊಡ್ಡ ಹಲ್ಲುಚಕ್ರಕ್ಕೆ ಮಾತ್ರ ಯಾರೂ ಹೆದರುತ್ತಿರಲಿಲ್ಲ. ಅದು ಸದ್ದಿಲ್ಲದೆ, ಮೆಲ್ಲಗೆ ತಿರುಗುತ್ತಿತ್ತು. ಹಲ್ಲು ಒಂದೊಂದಾಗಿ ಬಂದು ಕೂರುವುದನ್ನು ನಿಂತು ನೋಡಬಹುದಿತ್ತು. ಅದಕ್ಕೊಂದು ತಗಡಿನ ಮುಚ್ಚಳ ಇತ್ತು. ಗ್ರೀಸ್ ಹಚ್ಚಲು ಬಿಚ್ಚಿದವರು ಗೋಡೆಗೆ ಒರಗಿಸಿದ್ದರು. ಎಷ್ಟು ದಿನದಿಂದ ಒರಗಿತ್ತೋ, ಅದರ ಮೇಲೆ ಬಟ್ಟೆ ಒಣಹಾಕುತ್ತಿದ್ದರು.

ಮಾವ ಬಗ್ಗಿ ಕಬ್ಬಿನ ಸಿಪ್ಪೆ ಬಾಚುತ್ತಿದ್ದರು. ಹೆಗಲ ಮೇಲಿನ ಟವಲ್ಲಿನ ತುದಿ ಚಕ್ರದ ಬಾಯಿಗೆ ಸಿಕ್ಕಿತು. ನೂಲನ್ನು ಬಿರಡೆ ಎಳೆದುಕೊಂಡ ಹಾಗೆ ಟವಲ್ಲನ್ನು ಎಳೆದುಕೊಂಡಿತು. ಮೆಲ್ಲಗೆ ತಿರುಗುವ ಚಕ್ರ ಅಲ್ಲವಾ, ಎಳೆದರೆ ಬರುತ್ತದೆ ಅಂದುಕೊಂಡರು. ಎಡಗೈಯಲ್ಲಿ ಟವಲ್ ಹಿಡಿದು ಎಳೆದರು. ಬರಲಿಲ್ಲ. ಕೈ ಹೋಯಿತು. ಯಾರೋ ಓಡಿ ಬಂದು ಎಂಜಿನ್ ನಿಲ್ಲಿಸುವ ಹೊತ್ತಿಗೆ ಮೂರು ಬೆರಳು ಇರಲಿಲ್ಲ.

ಆಮೇಲೆ ಮಾವ ಒಂದು ಮಾತು ಹೇಳುತ್ತಿದ್ದರು. "ಎಂಜಿನ್ ಸದ್ದು ಕೂಡ ಬದಲಾಗಲಿಲ್ಲ ಕಣಪ್ಪ." ನನಗೆ ಅದರ ಅರ್ಥ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಮಕ್ಕಳಿಗೆ ಪಾಠ ಮಾಡುವಾಗ. ಬೋರ್ಡಿನ ಲೆಕ್ಕ ನೋಡಿ. ಆರು ಐದಲ ಮೂವತ್ತು, ಮೂವತ್ತು ಐದಲ ನೂರೈವತ್ತು. ವೇಗ 150ರಲ್ಲಿ ಒಂದು ಪಾಲಿಗೆ ಇಳಿದಿದೆ. ಹಾಗಾದರೆ ತಿರುಗಿಸುವ ಬಲ 150 ಪಟ್ಟು ಏರಿದೆ. ತಿಕ್ಕಾಟಕ್ಕೆ ಸ್ವಲ್ಪ ಕಳೆದರೂ 100 ಪಟ್ಟಿಗೆ ಮೋಸವಿಲ್ಲ. ಒಬ್ಬ ಮನುಷ್ಯ ಪೂರ್ತಿ ಶಕ್ತಿ ಹಾಕಿ ಆ ಚಕ್ರವನ್ನು ತಡೆದರೆ ಎಂಜಿನ್ನಿಗೆ ಅದು 150ರಲ್ಲಿ ಒಂದು ಪಾಲಾಗಿ ಮುಟ್ಟುತ್ತದೆ. ಎಂಜಿನ್ನಿಗೆ ಅದು ಗೊತ್ತೇ ಆಗುವುದಿಲ್ಲ. ಸದ್ದು ಯಾಕೆ ಬದಲಾಗಬೇಕು? ಒಂದು ಗಾಣದಲ್ಲಿ ಎಲ್ಲಕ್ಕಿಂತ ಮೆಲ್ಲಗೆ ತಿರುಗುವ ಚಕ್ರವೇ ಎಲ್ಲಕ್ಕಿಂತ ಬಲವಾದ ಚಕ್ರ. ನಾವು ಹೆದರುತ್ತಿದ್ದದ್ದು ಸದ್ದಿಗೆ.

ತಿರುಗುವ ಭಾಗಕ್ಕೆ ಕಾವಲು ಮುಚ್ಚಳ ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿದ್ದರು. ಒಕ್ಕಣೆ ಯಂತ್ರದಂಥ ಅಪಾಯದ ಯಂತ್ರಗಳಿಗೆ ಅಂತಲೇ 1983ರಲ್ಲಿ ಇನ್ನೊಂದು ಕಾಯ್ದೆ ಬಂತು. ಗಾಯವಾದವರಿಗೆ ಪರಿಹಾರ ಕೊಡುವ ಮಾತೂ ಅದರಲ್ಲಿ ಇತ್ತು. ಮಾವನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಓದು ಬರುತ್ತಿರಲಿಲ್ಲ. ಮಾಲೀಕರು ಕೊಟ್ಟ ಒಂದು ತಿಂಗಳ ಕೂಲಿ ತೆಗೆದುಕೊಂಡು, ಕಾಗದಕ್ಕೆ ಬಲಗೈ ಹೆಬ್ಬೆಟ್ಟು ಒತ್ತಿ ಬಂದರು. ಆ ಕಾಗದದಲ್ಲಿ ಏನು ಬರೆದಿತ್ತು ಅಂತ ನಮಗೆ ಇವತ್ತಿಗೂ ತಿಳಿಯದು.

ನಿಮ್ಮ ಮನೆಯಲ್ಲಿ ಮೇವು ಕತ್ತರಿಸುವ ಯಂತ್ರ ಇದ್ದರೆ ನಾಳೆ ಬೆಳಿಗ್ಗೆ ಒಂದು ಸಲ ನೋಡಿ. ಮೇವನ್ನು ಒಳಕ್ಕೆ ಎಳೆಯುವ ಎರಡು ಉರುಳೆ ಇರುತ್ತವೆ. ಪಕ್ಕದಲ್ಲಿ ಹಲ್ಲುಚಕ್ರ. ಅಲ್ಲಿಯೂ ಉರುಳೆ ನಿಧಾನ, ಕತ್ತಿ ಜೋರು. ನುಂಗುವ ಬಾಯಿ ಯಾವ ಕಡೆ ಇದೆ ಅಂತ ಗುರುತು ಮಾಡಿಕೊಳ್ಳಿ. ಮುಚ್ಚಳ ಇದೆಯಾ ನೋಡಿ. ಬಿಚ್ಚಿಟ್ಟಿದ್ದರೆ ಬೋಲ್ಟು ಹುಡುಕಿ ಹಾಕಿಸಿ. ಮೇವು ಸಿಕ್ಕಿಕೊಂಡರೆ ಮೊದಲು ಮೋಟರ್ ಆಫ್ ಮಾಡಿ, ಚಕ್ರ ಪೂರ್ತಿ ನಿಲ್ಲುವ ತನಕ ಕಾಯಿರಿ. ಆಮೇಲೆ ಕೈ ಹಾಕಿ. ಅಕ್ಕಂದಿರೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ, ಜಡೆ ಕಟ್ಟಿಕೊಳ್ಳಿ. ಅಣ್ಣಂದಿರೆ, ಟವಲ್ ತಲೆಗೆ ಸುತ್ತಿಕೊಳ್ಳಿ. ಹೆಗಲ ಮೇಲೆ ಬೇಡ.

ಸಾಕು, ಗಂಟೆ ಏಳೂವರೆ ಆಯಿತು. ನನ್ನ ಸೈಕಲ್ಲನ್ನು ಹೊರಗೆ ದೀಪದ ಕೆಳಗೆ ನಿಲ್ಲಿಸಿದೀನಿ. ಮೊದಲನೇ ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿದೀನಿ, ಎಣಿಸುವಾಗ ತಪ್ಪಬಾರದು ಅಂತ. ಹೋದ ವಾರ ಪ್ರಶ್ನೆ ಕೇಳಿದ ಅಜ್ಜ ಮೊದಲು ಎಣಿಸಲಿ. ನಿಮ್ಮ ಸೈಕಲ್ ತಂದವರು ಅದರದ್ದೂ ಎಣಿಸಿ, ಎರಡು ಸಂಖ್ಯೆಯನ್ನೂ ಸ್ಲೇಟಿನ ಮೇಲೆ ಬರೆದುಕೊಂಡು ಒಳಗೆ ಬನ್ನಿ. ಭಾಗಿಸೋಣ.